ಮುರಿಯದೆ ಉಳಿದ ಆಟಿಕೆಗಳು

ಚಿಕ್ಕಪೇಟೆ ಕಡೆಯ ಸಂಡೇ ಬಜಾರಿನಲ್ಲಿ ಹಳೇ ಸ್ಪ್ಯಾನರು, ಕೆಟ್ಟ ಗಡಿಯಾರ, ರೇಡಿಯೋ ಬಿಡಿಭಾಗಗಳ ರಾಶಿಯೊಳಗೆ ಆಗಾಗ ಒಂದು ಆಟದ ಕಾರು ಸಿಗುತ್ತದೆ. ಬಣ್ಣ ಉದುರಿರುತ್ತದೆ, ಒಂದು ಚಕ್ರ ಇರುವುದಿಲ್ಲ. ಕೈಗೆತ್ತಿಕೊಂಡವರ ಮೊದಲ ಪ್ರಶ್ನೆ, "ಎಷ್ಟು ವರ್ಷದ್ದು ಇದು?" ಮಾರುವವರೂ ಅದಕ್ಕೆ ತಕ್ಕಂತೆ "ಐವತ್ತು ವರ್ಷದ ಪೀಸು ಸಾರ್" ಅನ್ನುತ್ತಾರೆ. ವಯಸ್ಸು ಹೆಚ್ಚಿದಷ್ಟೂ ಬೆಲೆ ಹೆಚ್ಚು ಅನ್ನುವುದು ಇಬ್ಬರ ಲೆಕ್ಕವೂ ಹೌದು.

ಕಾನೂನಿನ ಕಣ್ಣಿಗೆ ವಯಸ್ಸು ಮುಖ್ಯವೇ. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ, ಚಾರಿತ್ರಿಕ ಮಹತ್ವವಿರುವ ವಸ್ತು 100 ವರ್ಷ ದಾಟಿದರೆ ಅದು ಪುರಾತನ ವಸ್ತು. ಅದನ್ನು ಯಾರು ಬೇಕಾದರೂ ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಆಟಿಕೆ ಸಂಗ್ರಹಿಸುವವರು ಹುಡುಕುವ ಮಾಲಿನಲ್ಲಿ ಬಹುಪಾಲು ಈ ಗೆರೆ ಮುಟ್ಟಿಯೇ ಇಲ್ಲ. 1968ರಲ್ಲಿ ಹುಟ್ಟಿದ ಹಾಟ್ ವೀಲ್ಸ್ ಕಾರಿಗೆ ಜನ ಜಗಳ ಆಡುತ್ತಾರೆ. ಅದಕ್ಕಿಂತ ಎಷ್ಟೋ ಹಳೆಯ ಮರದ ಬುಗುರಿಯನ್ನು ಕೇಳುವವರಿಲ್ಲ. ಹಾಗಾದರೆ ಬೆಲೆ ಬರುವುದು ಎಲ್ಲಿಂದ? ಎಷ್ಟು ಮಕ್ಕಳ ಕೈಯಲ್ಲಿ ಇತ್ತು, ಕೊನೆಗೆ ಎಷ್ಟು ಉಳಿಯಿತು ಅನ್ನುವ ಎರಡು ಸಂಖ್ಯೆಗಳ ನಡುವಿನ ದೊಡ್ಡ ಅಂತರದಿಂದ ಅನ್ನುವುದು ನನ್ನ ನಂಬಿಕೆ.

ಸಣ್ಣ ಲೆಕ್ಕ ಹಾಕಿ ನೋಡೋಣ. ಭೌತಶಾಸ್ತ್ರದಲ್ಲಿ ವಿಕಿರಣಶೀಲ ಧಾತುಗಳಿಗೆ ಅರ್ಧಾಯು ಅಂತ ಹೇಳುತ್ತಾರೆ. ಇರುವುದರಲ್ಲಿ ಅರ್ಧ ಭಾಗ ಕ್ಷಯಿಸಲು ಬೇಕಾದ ಕಾಲ ಅದು. ಆಟಿಕೆಗಳಿಗೂ ಅದನ್ನೇ ಹಚ್ಚಬಹುದು. ಒಂದು ಕಾರ್ಖಾನೆ 1,00,000 ತಗಡಿನ ಕಾರು ಮಾಡಿತು ಅಂದುಕೊಳ್ಳಿ. ಪ್ರತಿ 5 ವರ್ಷಕ್ಕೆ ಅರ್ಧದಷ್ಟು ಮುರಿದು, ಕಳೆದು, ಗುಜರಿಗೆ ಹೋಗುತ್ತವೆ ಅನ್ನೋಣ. 50 ವರ್ಷದಲ್ಲಿ ಹತ್ತು ಸಲ ಅರ್ಧವಾಗುತ್ತದೆ. ಕೊನೆಗೆ ಉಳಿಯುವುದು ಸುಮಾರು 98 ಕಾರು! ಅದೇ ಅರ್ಧಾಯು 25 ವರ್ಷ ಆಗಿದ್ದರೆ? 25,000 ಕಾರು ಉಳಿದಿರುತ್ತಿದ್ದವು. ತಯಾರಾದ ಸಂಖ್ಯೆ ಒಂದೇ, ವಯಸ್ಸೂ ಒಂದೇ. ಆದರೆ ಒಂದು ಅಪರೂಪದ್ದು, ಇನ್ನೊಂದು ಬೀದಿಗೊಂದು.

ನಿಜ ಜೀವನದಲ್ಲಿ ಈ ಕ್ಷಯ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಮೊದಲ ಕೆಲವು ವರ್ಷಗಳಲ್ಲೇ ಹೆಚ್ಚಿನವು ನಾಶವಾಗುತ್ತವೆ. ಮಗು ಬೆಳೆದ ಮೇಲೆ ಉಳಿದದ್ದು ಅಟ್ಟ ಸೇರುತ್ತದೆ, ಅಲ್ಲಿಂದ ಮುಂದೆ ನಿಧಾನ. ಡಬ್ಬದ ಗತಿ ಇನ್ನೂ ಕಷ್ಟ. ಕಾರು ಕೈಗೆ ಬಂದ ಮರುಗಳಿಗೆಯೇ ರಟ್ಟಿನ ಡಬ್ಬ ಕಸದ ಬುಟ್ಟಿಗೆ ಹೋಗುತ್ತದೆ, ಅಲ್ವಾ? ಅದಕ್ಕೇ ಕಾರಿನ ಜೊತೆ ಅದರದ್ದೇ ಡಬ್ಬ ಇದ್ದರೆ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಬರೀ ರಟ್ಟಿಗೆ ಯಾಕೆ ಅಷ್ಟು ಹಣ ಅಂತ ಬೆರಗಾಗುವವರು ಈ ಲೆಕ್ಕ ಮಾಡಿ ನೋಡಬೇಕು.

ಜೋಪಾನ ಮಾಡಲೆಂದೇ ಕೊಂಡ ಆಟಿಕೆಗೆ ಬೆಲೆ ಬರುವುದು ಕಷ್ಟ ಅನ್ನುವುದಕ್ಕೂ ಇದೇ ಕಾರಣ. 1990ರ ದಶಕದಲ್ಲಿ ಅಮೆರಿಕದಲ್ಲಿ ಬೀನಿ ಬೇಬೀಸ್ ಎಂಬ ಪುಟ್ಟ ಬಟ್ಟೆಯ ಪ್ರಾಣಿಗಳ ಹುಚ್ಚು ಹತ್ತಿತ್ತು. ಕಂಪನಿ ಒಂದೊಂದೇ ಮಾದರಿಯನ್ನು ನಿಲ್ಲಿಸುತ್ತಾ ಬಂತು. ಮುಂದೆ ಬಂಗಾರದ ಬೆಲೆ ಬರುತ್ತದೆಂದು ಜನ ರಾಶಿ ರಾಶಿ ಕೊಂಡರು. ಕಿವಿಗೆ ಕಟ್ಟಿದ ಚೀಟಿ ಮಡಿಚದಂತೆ ಪ್ಲಾಸ್ಟಿಕ್ ಕವಚ ಹಾಕಿ ಇಟ್ಟರು. ಆ ದಶಕ ಮುಗಿಯುವ ಹೊತ್ತಿಗೆ ಬೆಲೆ ಕುಸಿಯಿತು. ಯಾರೂ ಆಡಲಿಲ್ಲ, ಯಾವುದೂ ಮುರಿಯಲಿಲ್ಲ, ಎಲ್ಲವೂ ಉಳಿದವು. ಇವತ್ತು ಡಬ್ಬದ ಮೇಲೇ "ಲಿಮಿಟೆಡ್ ಎಡಿಷನ್" ಅಂತ ಅಚ್ಚು ಹಾಕಿ ಮಾರುವ ಆಟಿಕೆಗಳ ಬಗ್ಗೆ ನನಗೆ ಭರವಸೆ ಇಲ್ಲದಿರುವುದು ಈ ಕಾರಣಕ್ಕೇ.

ಯಾವುದು ಉಳಿಯುತ್ತದೆ ಅನ್ನುವುದನ್ನು ಮಗುವಿನ ಕೈ ಮಾತ್ರ ನಿರ್ಧರಿಸುವುದಿಲ್ಲ. ಆಟಿಕೆ ಯಾವುದರಿಂದ ಮಾಡಿದ್ದು ಅನ್ನುವುದರ ಮೇಲೂ ಅದರ ಆಯುಸ್ಸು ನಿಂತಿದೆ. ಡೈಕಾಸ್ಟ್ ಕಾರುಗಳನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ಲಿವರ್‌ಪೂಲ್‌ನ ಮೆಕಾನೋ ಕಂಪನಿ 1930ರ ದಶಕದಲ್ಲಿ ಡಿಂಕಿ ಕಾರುಗಳನ್ನು ತಂದಿತು. ಸತುವಿಗೆ ಸ್ವಲ್ಪ ಅಲ್ಯೂಮಿನಿಯಂ ಸೇರಿಸಿ ಕರಗಿಸಿ, ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬಿ ಮಾಡಿದ ಕಾರುಗಳು. ನೋಡಲು ಗಟ್ಟಿಮುಟ್ಟು. ಆದರೆ ಎರಡನೇ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಡಿಂಕಿ ಕಾರುಗಳು ಪೆಟ್ಟಿಗೆಯಲ್ಲಿ ಸುಮ್ನೆ ಕೂತಲ್ಲೇ ಉಬ್ಬಿ, ಬಿರುಕು ಬಿಟ್ಟು, ಮುಟ್ಟಿದರೆ ಪುಡಿಯಾಗುತ್ತವೆ. ಸಂಗ್ರಹಕಾರರು ಇದನ್ನು ಜಿಂಕ್ ಪೆಸ್ಟ್, ಅಂದರೆ ಸತುವಿನ ರೋಗ ಅನ್ನುತ್ತಾರೆ. ಕಾರಣ, ಮಿಶ್ರಲೋಹದಲ್ಲಿ ಸೇರಿಹೋದ ಚೂರೇ ಚೂರು ಸೀಸ. ಅದು ಲೋಹದ ಹರಳುಗಳ ಸಂದಿಯಲ್ಲಿ ಕೂತಿರುತ್ತದೆ. ಗಾಳಿಯ ತೇವ ಒಳಗಿಳಿದಾಗ ಆ ಸಂದಿಗಳಲ್ಲೇ ಸವೆತ ಶುರುವಾಗುತ್ತದೆ. ಅಲ್ಲಿ ಹುಟ್ಟುವ ಪದಾರ್ಥಕ್ಕೆ ಹೆಚ್ಚು ಜಾಗ ಬೇಕು, ಆದ್ದರಿಂದ ಕಾರು ಒಳಗಿನಿಂದಲೇ ಉಬ್ಬುತ್ತದೆ. ಇವತ್ತು ಇಂಥ ಮಿಶ್ರಲೋಹದಲ್ಲಿ ಸೀಸ ಸುಮಾರು ಶೇಕಡಾ 0.005 ದಾಟಬಾರದು ಅನ್ನುವಷ್ಟು ಕಟ್ಟುನಿಟ್ಟು. ಪಕ್ಕದ ಕಾರಿಗೂ ಅಂಟೀತು ಅಂತ ಕೆಲವರು ಹೆದರುತ್ತಾರೆ. ಅಂಟುವುದಿಲ್ಲ. ರೋಗ ಎರಕ ಹೊಯ್ದ ದಿನವೇ ಒಳಗೆ ಸೇರಿರುತ್ತದೆ.

ಪ್ಲಾಸ್ಟಿಕ್ ಗೊಂಬೆಗಳ ಕಥೆ ಬೇರೆ. ಪಿವಿಸಿ ಅನ್ನುವ ಪ್ಲಾಸ್ಟಿಕ್ ತನ್ನಷ್ಟಕ್ಕೆ ಗಡುಸು. ಗೊಂಬೆಯ ಕೈಕಾಲು ಮೆತ್ತಗಿರಲಿ ಅಂತ ಎಣ್ಣೆಯಂಥ ಪ್ಲಾಸ್ಟಿಸೈಸರ್ ಬೆರೆಸುತ್ತಾರೆ. ವರ್ಷಗಳು ಉರುಳಿದಂತೆ ಅದು ಹೊರಗೆ ಜಿನುಗುತ್ತದೆ. ಗೊಂಬೆ ಅಂಟಂಟಾಗಿ ಧೂಳು ಹಿಡಿಯುತ್ತದೆ, ಆಮೇಲೆ ಬಿರುಸಾಗುತ್ತದೆ. 1959ರಲ್ಲಿ ಬಂದ ಬಾರ್ಬಿಯ ಹಳೆಯ ಗೊಂಬೆಗಳಲ್ಲಿ ಕಿವಿಯ ಸುತ್ತ ಹಸಿರು ಕಲೆ ಕಾಣುವುದುಂಟು. ಓಲೆಯಲ್ಲಿದ್ದ ತಾಮ್ರ ಕಿಲುಬಿ ಪ್ಲಾಸ್ಟಿಕ್ಕಿಗೆ ಇಳಿದ ಗುರುತು ಅದು. ಪಿವಿಸಿ ಗೊಂಬೆಯನ್ನು ಪಾಲಿಥಿನ್ ಕವರಿನಲ್ಲಿ ಬಿಗಿಯಾಗಿ ಸುತ್ತಿಡುವುದು ನಮ್ಮ ಮನೆಗಳ ರೂಢಿ. ಅದು ಕೆಟ್ಟದ್ದು. ಪಾಲಿಥಿನ್ ಆ ಪ್ಲಾಸ್ಟಿಸೈಸರನ್ನು ಹೀರಿಕೊಳ್ಳುತ್ತದೆ. ಮುಚ್ಚಿದ ಗಾಜಿನ ಪೆಟ್ಟಿಗೆ ವಾಸಿ. ಸೆಲ್ಯುಲಾಯ್ಡ್ ಅನ್ನುವ ಹಳೇ ಕಾಲದ ಪ್ಲಾಸ್ಟಿಕ್ಕಿನ ಗೊಂಬೆಗೆ ಇದಕ್ಕೆ ತದ್ವಿರುದ್ಧ ಆರೈಕೆ ಬೇಕು. ಅದು ಕೊಳೆಯುವಾಗ ಆಮ್ಲದ ಆವಿ ಬಿಡುತ್ತದೆ, ಆ ಆವಿ ಅಲ್ಲೇ ನಿಂತರೆ ಕೊಳೆತ ಇನ್ನೂ ಜೋರಾಗುತ್ತದೆ. ಅದಕ್ಕೆ ಗಾಳಿಯಾಡಬೇಕು. ಬೇಗ ಬೆಂಕಿ ಹತ್ತುವ ವಸ್ತು ಬೇರೆ, ದೀಪದ ಹತ್ತಿರ ಇಡಲೇಬಾರದು.

ಬೆಂಗಳೂರಿನ ಹವೆ ತಂಪು ಅಂತ ನಾವು ನಿಶ್ಚಿಂತೆಯಾಗಿರುತ್ತೇವೆ. ಆದರೆ ಆಟಿಕೆ ಇರುವುದು ಅಟ್ಟದಲ್ಲಿ. ಶೀಟಿನ ಕೆಳಗಿನ ಅಟ್ಟ ಏಪ್ರಿಲ್‌ನಲ್ಲಿ ಎಷ್ಟು ಕಾಯುತ್ತದೆ ಅಂತ ಹತ್ತಿ ನೋಡಿದವರಿಗೆ ಗೊತ್ತು. ಉಷ್ಣಾಂಶ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ ಅನ್ನುವುದು ರಸಾಯನಶಾಸ್ತ್ರದ ಅಂದಾಜಿನ ನಿಯಮ. ಬೀರುವಿನ ಕೆಳಗಿನ ಅರೆಯಲ್ಲಿಟ್ಟರೆ ಆಟಿಕೆಯ ಆಯುಸ್ಸು ಅಷ್ಟು ಹೆಚ್ಚುತ್ತದೆ.

ಸರಿ, ಕೆಲವೇ ಉಳಿದವು. ಅಷ್ಟಕ್ಕೇ ಅವು ಯಾರಿಗಾದರೂ ಬೇಕಾಗಬೇಕಲ್ಲ? ಇಲ್ಲಿ ಮನಸ್ಸಿನ ವಿಜ್ಞಾನ ಬರುತ್ತದೆ. ನಡುವಯಸ್ಸು ದಾಟಿದವರಿಗೆ ಹಳೆಯ ನೆನಪು ಹೇಳಿ ಅಂದರೆ, ಸುಮಾರು 10ರಿಂದ 30 ವಯಸ್ಸಿನ ನಡುವಿನ ನೆನಪುಗಳೇ ದಂಡಿಯಾಗಿ ಬರುತ್ತವೆ. ಇದು ಮತ್ತೆ ಮತ್ತೆ ಕಂಡುಬಂದ ಸಂಗತಿ. ಆ ವಯಸ್ಸಿನ ಹೊಸ್ತಿಲಲ್ಲಿ ಕೈಯಲ್ಲಿದ್ದ ಆಟಿಕೆ ಬೇಕು ಅನ್ನಿಸುವುದು ಕೈಗೆ ನಾಲ್ಕು ಕಾಸು ಬಂದಾಗ. ಅದಕ್ಕೇ ಈಗ ನಲವತ್ತು ದಾಟಿದವರು 80, 90ರ ದಶಕದ ಮಾಲಿನ ಹಿಂದೆ ಬಿದ್ದಿದ್ದಾರೆ.

ಅದೇ ಆಟಿಕೆಯ ಹೊಸ ನಕಲು ಕೊಟ್ಟರೆ ಸಾಕಾಗದೇ? ಸಾಕಾಗುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ 2008ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಪುಟ್ಟ ಮಕ್ಕಳಿಗೆ ಒಂದು ಯಂತ್ರ ತೋರಿಸಿದರು. ಯಾವ ವಸ್ತುವನ್ನಿಟ್ಟರೂ ಅದರ ತದ್ರೂಪು ಮಾಡುತ್ತದೆ ಅಂತ ನಂಬಿಸಿದರು. ಬೇರೆ ಆಟಿಕೆಗಳ ನಕಲನ್ನು ಮಕ್ಕಳು ಖುಷಿಯಾಗಿ ತೆಗೆದುಕೊಂಡರು. ತಾವು ದಿನಾ ತಬ್ಬಿ ಮಲಗುವ ಗೊಂಬೆಯ ವಿಷಯ ಬಂದಾಗ ಹೆಚ್ಚಿನವರು ತಮ್ಮದೇ ಹಳೆಯದು ಬೇಕು ಅಂದರು. ಕೆಲವರು ಅದನ್ನು ಯಂತ್ರದೊಳಗೆ ಇಡಲೂ ಬಿಡಲಿಲ್ಲ. ಕಣ್ಣಿಗೆ ಕಾಣದ ಏನೋ ಒಂದು ಆ ಗೊಂಬೆಯಲ್ಲೇ ಇದೆ ಅನ್ನುವ ನಂಬಿಕೆ ಶಾಲೆಗೆ ಹೋಗುವ ಮೊದಲೇ ನಮ್ಮಲ್ಲಿ ಬೇರೂರಿರುತ್ತದೆ.

ನಮ್ಮ ದೇಶದ ಆಟಿಕೆಗಳು ಈ ಲೋಕದಲ್ಲಿ ವಿಶೇಷ ಜಾಗ ಪಡೆದಿವೆ. ಡಿಂಕಿಯ ಹಳೇ ಅಚ್ಚುಗಳು ಕಲ್ಕತ್ತಾಕ್ಕೆ ಬಂದು, ಅಲ್ಲಿ ನಿಕಿ ಟಾಯ್ಸ್ ಹೆಸರಿನಲ್ಲಿ ಕಾರುಗಳಾದವು. ಲಿಯೋ ಕಂಪನಿ ಹಾಟ್ ವೀಲ್ಸ್‌ನ ಒಡೆಯರಾದ ಅಮೆರಿಕದ ಮ್ಯಾಟೆಲ್ ಜೊತೆ ಸೇರಿ ಇಲ್ಲೇ ಹಾಟ್ ವೀಲ್ಸ್ ಮಾಡಿತು. 1987ರಲ್ಲಿ ಶುರುವಾದ ಫನ್‌ಸ್ಕೂಲ್ ಅಮೆರಿಕದ ಜಿ.ಐ. ಜೋ ಆಟಿಕೆ ಸೈನಿಕರನ್ನು ಗೋವಾದ ಕಾರ್ಖಾನೆಯಲ್ಲಿ ಅಚ್ಚು ಹಾಕಿತು. ಅಚ್ಚು ಅದೇ, ಆದರೆ ಬಣ್ಣ ಬೇರೆ, ಪ್ಲಾಸ್ಟಿಕ್ ಬೇರೆ. ಅಮೆರಿಕದಲ್ಲಿ ಎಂದೂ ಕಾಣದ ಬಣ್ಣದ ಸಮವಸ್ತ್ರ ತೊಟ್ಟ ಸೈನಿಕನನ್ನು ಅಲ್ಲಿನ ಸಂಗ್ರಹಕಾರರು ಇವತ್ತು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಆದ್ದರಿಂದ ಮನೆ ಖಾಲಿ ಮಾಡುವಾಗ ಕಾರನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ತಿರುಗಿಸಿ ತಳದ ಬರಹ ಓದಿ.

ಬೆಲೆ ಇದ್ದಲ್ಲಿ ನಕಲಿ ಇದ್ದೇ ಇರುತ್ತದೆ. ತಗಡಿನ ಆಟಿಕೆಯಲ್ಲಿ ಎರಡು ಭಾಗಗಳನ್ನು ಜೋಡಿಸಲು ಸಣ್ಣ ಕಿವಿಗಳನ್ನು ಸೀಳಿನೊಳಗೆ ತೂರಿಸಿ ಮಡಿಚಿರುತ್ತಾರೆ. ಲೆನ್ಸ್ ಹಿಡಿದು ಆ ಮಡಿಕೆ ನೋಡಿ. ಒಂದೇ ಸಲ ಮಡಿಚಿದ್ದರೆ ಅಂಚು ನಯವಾಗಿರುತ್ತದೆ. ಬಿಚ್ಚಿ ಮತ್ತೆ ಮಡಿಚಿದ್ದರೆ ಲೋಹ ಗಡುಸಾಗಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ, ಬಣ್ಣ ಚಕ್ಕೆ ಎದ್ದಿರುತ್ತದೆ. ಯಾರೋ ಒಳಗೆ ಕೈಹಾಕಿದ್ದಾರೆ ಅಂತ ಅರ್ಥ. ತಲೆಯಲ್ಲಿ ಕೂಡಿಸುವ ಚಿಹ್ನೆಯಂಥ ತೋಡು ಇರುವ ಸ್ಟಾರ್ ಸ್ಕ್ರೂ 1930ರ ದಶಕದಲ್ಲಿ ಬಂದದ್ದು. 1920ರ ರೈಲು ಅಂತ ಮಾರುವುದರಲ್ಲಿ ಅದು ಕಂಡರೆ ಅನುಮಾನಪಡಿ. ಡಬ್ಬ ಪರೀಕ್ಷಿಸಲು ನೋಟು ನೋಡುವ ನೇರಳಾತೀತ ಟಾರ್ಚು ಸಾಕು. ಕಾಗದವನ್ನು ಬೆಳ್ಳಗೆ ತೋರಿಸುವ ಹೊಳಪುಕಾರಕಗಳು ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ಆಸುಪಾಸಿನ ನಂತರ. ಅದಕ್ಕೂ ಹಳೆಯದೆನ್ನುವ ಡಬ್ಬ ಕತ್ತಲಲ್ಲಿ ನೀಲಿಯಾಗಿ ಹೊಳೆದರೆ ಆ ಕಾಗದ ಹೊಸದು. ಹೊಸ ಬಣ್ಣ ಬಳಿಯುವ ಚಪಲವನ್ನಂತೂ ದಯವಿಟ್ಟು ತಡೆದುಕೊಳ್ಳಿ. ಸವೆದ ಬಣ್ಣವೂ ಆ ಆಟಿಕೆಯ ದಾಖಲೆ, ಬಳಿದ ಮೇಲೆ ಅದು ಮತ್ತೆ ಸಿಗುವುದಿಲ್ಲ.

ನನಗೆ ಜಾಸ್ತಿ ಕಾಳಜಿ ಇರುವುದು ನಮ್ಮ ಪಕ್ಕದಲ್ಲೇ ಹುಟ್ಟಿದ ಆಟಿಕೆಗಳ ಬಗ್ಗೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ಆಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುತ್ತದೆ. ಕುಶಲಕರ್ಮಿ ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣ ತಾಳೆಗರಿಯಿಂದ ತಿಕ್ಕಿದರೆ ಕನ್ನಡಿಯಂಥ ಹೊಳಪು. ಅರಗು ಒಂದು ಪುಟ್ಟ ಕೀಟ ಸ್ರವಿಸುವ ರಾಳ. ನೀರಿಗೆ ಬಗ್ಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಹಾಗಾಗಿ ಹಳೆಯ ಚನ್ನಪಟ್ಟಣದ ಗೊಂಬೆಯನ್ನು ಸ್ಯಾನಿಟೈಸರ್ ಹಾಕಿ ಒರೆಸಬೇಡಿ, ಹೊಳಪೇ ಕಿತ್ತು ಬರುತ್ತದೆ. ಅರಿಶಿನದ ಹಳದಿ ಬಳಸಿದ್ದರೆ ಬಿಸಿಲಿಗೆ ಎಲ್ಲಕ್ಕಿಂತ ಮೊದಲು ಮಾಸುವುದು ಅದೇ. ಅರಿಶಿನಕ್ಕೆ ನೀಲಿ ಬೆರೆಸಿ ಮಾಡಿದ ಹಸಿರು, ಕಿಟಕಿ ಪಕ್ಕದ ಷೋಕೇಸಿನಲ್ಲಿ ಕೂತು ಕೂತು ನೀಲಿಗೆ ತಿರುಗುತ್ತದೆ.

ಈ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಹೆಸರಿದೆ. ಆದರೆ ಹಳೆಯ ಒಂದು ಗೊಂಬೆ ಹಿಡಿದು ಯಾರು ಮಾಡಿದ್ದು, ಯಾವ ದಶಕದ್ದು ಅಂತ ಹೇಳುವುದು ಕಷ್ಟ. ಡಿಂಕಿ ಕಾರಿನ ತಳದಲ್ಲಿ ಕಂಪನಿಯ ಹೆಸರಿದೆ, ಇದರ ತಳದಲ್ಲಿ ಏನೂ ಇಲ್ಲ. ದಸರಾದಲ್ಲಿ ಕೂರಿಸುವ ಪಟ್ಟದ ಗೊಂಬೆಗಳದ್ದೂ ಅದೇ ಪಾಡು. ಮದುವೆಯಾಗುವ ಮಗಳಿಗೆ ತವರಿನವರು ಕೊಟ್ಟು, ಅವಳಿಂದ ಅವಳ ಮಗಳಿಗೆ ಬಂದ ಜೋಡಿಗಳು ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಮನೆಗಳಲ್ಲಿವೆ. ಅವುಗಳ ವಿವರ ಅಜ್ಜಿಯರ ಬಾಯಲ್ಲಿ ಮಾತ್ರ ಇದೆ.

ಬಣ್ಣದಿಂದ ಸ್ವಲ್ಪ ಸುಳಿವು ಸಿಗಬಹುದು. ಚಿನ್ನದ ಶುದ್ಧತೆ ನೋಡಲು ಆಭರಣದ ಅಂಗಡಿಗಳಲ್ಲಿ ಎಕ್ಸ್-ರೇ ಯಂತ್ರ ಇರುತ್ತದಲ್ಲ, ಅದೇ ತತ್ತ್ವದ ಉಪಕರಣ ಗೊಂಬೆಯನ್ನು ಕೆರೆಯದೆ, ಕತ್ತರಿಸದೆ ಬಣ್ಣದಲ್ಲಿರುವ ಧಾತುಗಳನ್ನು ಹೇಳುತ್ತದೆ. ಹಳದಿಯಲ್ಲಿ ಸೀಸ ಮತ್ತು ಕ್ರೋಮಿಯಂ ಎರಡೂ ಸಿಕ್ಕರೆ ಅದು ಅರಿಶಿನ ಅಲ್ಲ, ಕಾರ್ಖಾನೆಯ ಬಣ್ಣ. ಅಂಥ ಗೊಂಬೆಯನ್ನು ಬಾಯಿಗೆ ಹಾಕುವ ಮಗುವಿನ ಕೈಗೆ ಕೊಡಲೇಬಾರದು. ಆದರೆ ಕೊಟ್ಟವರು ಯಾರು, ತಂದದ್ದು ಎಲ್ಲಿಂದ ಅನ್ನುವುದನ್ನು ಯಾವ ಯಂತ್ರವೂ ಹೇಳದು. ಈ ಸಲ ದಸರಾಕ್ಕೆ ಗೊಂಬೆಗಳನ್ನು ಕೆಳಗಿಳಿಸಿದಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಯಾರ ಮದುವೆಯದ್ದು, ಯಾವ ಊರಿನದ್ದು, ಯಾವ ಅಂಗಡಿಯದ್ದು, ಬಣ್ಣ ಮತ್ತೆ ಹಾಕಿಸಿದ್ದುಂಟಾ, ಎಲ್ಲ ಬರೆದಿಡಿ. ಪೆನ್ನು ಬೇಡ, ಶಾಯಿ ತೇವಕ್ಕೆ ಹರಡುತ್ತದೆ. ಪೆನ್ಸಿಲ್ ಸಾಕು. ಚೀಟಿಯನ್ನು ಹತ್ತಿಯ ದಾರದಲ್ಲಿ ಕಟ್ಟಿ. ರಬ್ಬರ್ ಬ್ಯಾಂಡ್ ಹಾಕಿದರೆ ಕೆಲವೇ ವರ್ಷದಲ್ಲಿ ಅದು ಕರಗಿ ಗೊಂಬೆಯ ಬಣ್ಣಕ್ಕೇ ಅಂಟಿಕೊಳ್ಳುತ್ತದೆ.