ಪದ ಪರಿಚಯ: ಪೌರಪ್ರಜ್ಞೆ (ಅಲಿಯಾಸ್ ಸಿವಿಕ್ ಸೆನ್ಸ್)

ಯಾರೋ ಫ್ಲೈಓವರ್ ಪಿಲ್ಲರಿಗೆ ಎಲೆಅಡಿಕೆ ಉಗಿದ ವಿಡಿಯೋ ಬಂದ್ರೆ ಕೆಳಗಡೆ ನೂರು ಜನ ಒಂದೇ ಮಾತು ಬರೀತಾರೆ, ನಮ್ ಜನಕ್ಕೆ ಸಿವಿಕ್ ಸೆನ್ಸೇ ಇಲ್ಲ ಅಂತ. ಸರಿ, ಉಗಿಯೋದು ತಪ್ಪು, ಬಿಡಿ. ಆದ್ರೆ ಮೊನ್ನೆ ಒಬ್ರು ಕೆರೆ ಒತ್ತುವರಿ ವಿರುದ್ಧ ರಸ್ತೆಗಿಳಿದವರಿಗೂ ಇದನ್ನೇ ಹೇಳಿದ್ರು, ಟ್ರಾಫಿಕ್ ಜಾಮ್ ಮಾಡ್ತಾರೆ ಸಿವಿಕ್ ಸೆನ್ಸ್ ಇಲ್ಲ ಅಂತ. ಇದು ಅತಿಯಾಯ್ತು, ಅದಕ್ಕೇ ಬರೀತಿದೀನಿ.

ಶಿವನಿಂದ ಶೈವ ಬಂದ ಹಾಗೆ ಪುರದಿಂದ ಪೌರ. ಊರಿಗೆ ಸೇರಿದವನು, ಅಷ್ಟೇ ಅರ್ಥ, ಒಳ್ಳೇ ನಡತೆ ಗಿಡತೆ ಅದ್ರಲ್ಲಿ ಏನೂ ಇಲ್ಲ. ಗೊಂದಲ ಶುರುವಾಗೋದು ಪಕ್ಕದ ಪದದಿಂದ, ನಾಗರಿಕ. ನಗರದಲ್ಲಿರೋನು ನಾಗರಿಕ. ಆದ್ರೆ ಸಂಸ್ಕೃತದ ಕಾಲಕ್ಕೇ ಅದಕ್ಕೆ ನಯ ನಾಜೂಕು ಗೊತ್ತಿರೋನು ಅನ್ನೋ ಬಣ್ಣ ಹತ್ತಿತ್ತು, ಅದೇ ಹೊತ್ತಿಗೆ ಹಳ್ಳಿಯ ಪದ ಗ್ರಾಮ್ಯ ಅನ್ನೋದು ಒರಟು ಅಂತಾಗಿ ಅಲಂಕಾರಶಾಸ್ತ್ರದಲ್ಲಿ ಕಾವ್ಯದೋಷದ ಪಟ್ಟಿಗೇ ಸೇರಿಬಿಡ್ತು. ಇಂಗ್ಲಿಷಲ್ಲೂ ಸಿವಿಕ್, ಸಿವಿಲ್ ಎರಡೂ ಲ್ಯಾಟಿನ್ನಿನ ಸಿವಿಸ್ ಅನ್ನೋ ಒಂದೇ ಬೇರಿನವು, ಅಲ್ಲಿ ಸಭ್ಯ ಅನ್ನೋ ಅರ್ಥ ಸಿವಿಲ್ ಪಾಲಿಗೆ ಹೋಯ್ತು, ಊರಿನ ಆಡಳಿತದ ಅರ್ಥ ಸಿವಿಕ್ ಪಾಲಿಗೆ ಉಳೀತು. ನಮ್ಮಲ್ಲಿ ನಾಗರಿಕ ಒಂದೇ ಪದ ಎರಡೂ ಹೊರೆ ಹೊತ್ಕೊಂಡಿದೆ: ಹಿರಿಯ ನಾಗರಿಕ ಅಂದ್ರೆ ವಯಸ್ಸಾದ ಪ್ರಜೆ, ಅನಾಗರಿಕ ಅಂದ್ರೆ ಬೈಗುಳ. ಹಾಗಾಗಿ ಮ್ಯಾನರ್ಸ್ ಇಲ್ಲದೋನು ಪೌರನೇ ಅಲ್ಲ, ಮ್ಯಾನರ್ಸ್ ಇದ್ರೆ ಪೌರತ್ವದ ಕೆಲಸ ಮುಗೀತು ಅಂತ ತಲೇಲಿ ಕೂತ್ಕೊಂಡಿದೆ. ಪ್ರಜೆ ಅನ್ನೋದೂ ಸಂಕೋಚದ ಪದವೇ ಅನ್ನಿ, ಮೂಲದಲ್ಲಿ ಸಂತಾನ ಅಂತ ಅರ್ಥ, ರಾಜ ತಂದೆ ನಾವು ಮಕ್ಕಳು. ಮಕ್ಕಳು ಹೇಳಿದ್ ಕೇಳ್ಬೇಕು, ಪ್ರಶ್ನೆ ಕೇಳೋ ಹಾಗಿಲ್ಲ.

ಪಾಠದ ಕಥೆನೂ ಹಾಗೇ ಶುರುವಾಗಿದ್ದು. ಬ್ರಿಟಿಷರ ಕಾಲದಲ್ಲಿ ಸಿವಿಕ್ಸ್, ಅಂದ್ರೆ ಪೌರನೀತಿ, ಶಾಲೆಗೆ ಬಂದಿದ್ದು ಜನ ಸರ್ಕಾರದ ವಿರುದ್ಧ ತಿರುಗ್ತಿದ್ದ ಹೊತ್ತಲ್ಲಿ, ವಿಧೇಯತೆ ಕಲಿಸೋಕೆ, ಇದನ್ನ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿ ಸಿವಿಕ್ಸ್ ಬದಲು ರಾಜ್ಯಶಾಸ್ತ್ರ ಇರಲಿ ಅಂತು. ಆದ್ರೂ ನಾವು ಓದಿದ ಪೌರನೀತಿ ಅಂದ್ರೆ ರಾಷ್ಟ್ರಪತಿಯ ಅಧಿಕಾರಗಳು, ರಾಜ್ಯಸಭೆಗೆ ಎಷ್ಟು ಸದಸ್ಯರು, ಎರಡು ಅಂಕದ ಪ್ರಶ್ನೆ.

ಪರಿಸರ ಪೌರನೀತಿಯೊಳಗೆ ಬಂದಿದ್ದು 1976ರಲ್ಲಿ, ಸಂವಿಧಾನದ 42ನೇ ತಿದ್ದುಪಡಿ. ಕಾಡು, ಕೆರೆ, ನದಿ, ವನ್ಯಜೀವಿ ಕಾಪಾಡೋದು ನಾಗರಿಕರ ಮೂಲಭೂತ ಕರ್ತವ್ಯ ಅಂತ 51ಎ ವಿಧಿ ಬಂತು. ಭಾಷಣ ಮಾಡೋರೆಲ್ಲ ಇಲ್ಲಿಗೇ ನಿಲ್ಲಿಸ್ತಾರೆ. ಅದೇ ತಿದ್ದುಪಡೀಲಿ 48ಎ ಅಂತ ಇನ್ನೊಂದಿದೆ ಸ್ವಾಮಿ, ಪರಿಸರ ಕಾಪಾಡೋ ಹೊಣೆ ಸರ್ಕಾರದ ಮೇಲೂ ಇದೆ ಅನ್ನುತ್ತೆ, ಅದನ್ನ ಯಾಕೆ ಯಾರೂ ಗೋಡೆ ಮೇಲೆ ಬರೆಸಲ್ಲ? 1991ರಲ್ಲಿ ಪರಿಸರದ ವಕೀಲ ಎಂ.ಸಿ. ಮೆಹ್ತಾ ಹಾಕಿದ್ದ ಕೇಸಲ್ಲಿ ಸುಪ್ರೀಂ ಕೋರ್ಟು ಪರಿಸರ ಕಡ್ಡಾಯ ವಿಷಯ ಆಗ್ಬೇಕು ಅಂತು, ಆಯ್ತು, ಪುಸ್ತಕ ಬಂತು, ಜೂನ್ 5ಕ್ಕೆ ಸಸಿ ನೆಟ್ಟು ಫೋಟೋ ತೆಗೆಸ್ಕೊಳ್ಳೋದೂ ಬಂತು, ಮುಂದಿನ ವರ್ಷ ಅದೇ ಗುಂಡಿಗೆ ಇನ್ನೊಂದು ಸಸಿ.

ಈಗ ಬೆಂಗಳೂರಿನ ಕಸ ತಗೊಳ್ಳಿ. ಹಸಿ ಕಸ ಒಣ ಕಸ ನೀಟಾಗಿ ಬೇರೆ ಮಾಡಿ ಕೊಡೋ ಅಪಾರ್ಟ್‌ಮೆಂಟಿನವರಿಗೆ ಪೌರಪ್ರಜ್ಞೆ ಇದೆ ಅಂತೀವಿ, ಇರಲಿ. ಆದ್ರೆ ಮುಂಚೆ ಸಿಟಿ ಕಸ ಎಲ್ಲಿಗ್ ಹೋಗ್ತಿತ್ತು? ಸಿಟಿ ಹೊರಗಿನ ಹಳ್ಳಿಗಳಿಗೆ, ಮಾವಳ್ಳಿಪುರಕ್ಕೆ, ಮಂಡೂರಿಗೆ. ನೀರು ಕೆಟ್ಟು, ವಾಸನೆ ತಡೀಲಾರದೆ ಅಲ್ಲಿನ ಜನ ಪ್ರತಿಭಟನೆಗಿಳಿದ್ರು. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಬಾಗಿಲು ಹಾಕ್ತು, ಸಿಟಿ ರಸ್ತೇಲೆಲ್ಲ ಕಸದ ಗುಡ್ಡೆ ಬಿತ್ತು, ಆಮೇಲೇ ಮನೇಲೇ ಕಸ ಬೇರೆ ಮಾಡೋದು ಕಡ್ಡಾಯ ಆಗಿದ್ದು. 2014ರಲ್ಲಿ ಮಂಡೂರಿನವ್ರೂ ಸಾಕು ಅಂದ್ರು. ಅಂದ್ರೆ ನಮಗೆ ಎರಡು ಡಬ್ಬಿ ಇಡೋದು ಕಲಿಸಿದ್ದು ಪೌರನೀತಿ ಪುಸ್ತಕ ಅಲ್ಲ, ಯಾರನ್ನ ಹಳ್ಳಿಯೋರು ಅಂತ ನಾವು ಮೂಗು ಮುರೀತೀವೋ ಆ ಜನ. ಅವರಿಗೆ ಕಸ ಯಾರದ್ದು, ಯಾರ ತಲೆ ಮೇಲೆ ಬೀಳ್ತಿದೆ, ನಿರ್ಧಾರ ಮಾಡೋನು ಯಾರು ಅನ್ನೋದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಪೌರಪ್ರಜ್ಞೆ ಅಂದ್ರೆ ನನ್ನ ಲೆಕ್ಕದಲ್ಲಿ ಈ ಗೊತ್ತಿರೋದೇ. 1983ರಲ್ಲಿ ಶಿರಸಿ ಹತ್ರ ಸಲ್ಕಣಿ ಊರಿನವ್ರು ಅರಣ್ಯ ಇಲಾಖೆಯೇ ಕಡಿಯೋಕೆ ಗುರುತು ಹಾಕಿದ್ದ ಮರಗಳನ್ನ ತಬ್ಬಿ ನಿಂತ್ರಲ್ಲ, ಅಪ್ಪಿಕೋ ಚಳವಳಿ, ಅದೂ ಇದೇ. ವಿಧೇಯತೆಯ ಸಿವಿಕ್ಸ್ ಪ್ರಕಾರ ನೋಡಿದ್ರೆ ಅವರೆಲ್ಲ ಫೇಲು.

ಹಂಗಂತ ಕಸ ಎಲ್ಲೆಂದ್ರಲ್ಲಿ ಎಸೀರಿ ಅಂತಲ್ಲ. ಶಿಸ್ತು ಬೇಕು, ಅದಕ್ಕೆ ಶಿಸ್ತು ಅಂತಲೇ ಕರೀರಿ.

ಕಲಿಸೋದು ಹೇಗೆ ಅಂದ್ರೆ ನಮ್ಮಲ್ಲೇ ಒಂದು ದಾರಿ ಇದೆ, ಮಕ್ಕಳ ಗ್ರಾಮಸಭೆ. ಕರ್ನಾಟಕದ ಗ್ರಾಮ ಪಂಚಾಯ್ತಿಗಳು ಮಕ್ಕಳನ್ನ ಸೇರಿಸಿ ಅವರ ಅಹವಾಲು ಕೇಳ್ಬೇಕು. ಮಕ್ಕಳು ಕೇಳೋದು ಶಾಲೆಗೆ ಶೌಚಾಲಯ, ಕುಡಿಯೋ ನೀರು, ಮಳೆಗಾಲಕ್ಕೆ ಹಳ್ಳ ದಾಟೋಕೆ ಕಾಲುಸಂಕ, ಶಾಲೆ ಹತ್ರದ ಕಸದ ರಾಶಿ ತೆಗೆಸಿ ಅಂತ, ಅದನ್ನ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಎದುರಿಗೇ. ಎಷ್ಟೋ ಕಡೆ ಇದೂ ಶಾಲು ಹಾರ ಸ್ವಾಗತ ಭಾಷಣದಲ್ಲೇ ಮುಗಿದುಹೋಗುತ್ತೆ ಅನ್ನೋದು ಬೇರೆ ವಿಷ್ಯ. ಸರಿಯಾಗಿ ನಡೆದ ಕಡೆ ಮಾತ್ರ ಏಳನೇ ಕ್ಲಾಸಿನ ಹುಡುಗಿ ಹೋದ ವರ್ಷದ ನಡಾವಳಿ ಪುಸ್ತಕ ತೆಗೆಸಿ, ಸಾರ್ ಇದು ಏನಾಯ್ತು ಅಂತ ಕೇಳಬಹುದು, ಪಿಡಿಓ ಉತ್ತರ ಕೊಡ್ಲೇಬೇಕು.