ಎಷ್ಟು ಪದರ ಎಂದು ಕೇಳುವವರಿಗೆ

ಮೈಮೇಲೆ ಅಲೆಅಲೆ ಗೆರೆಯಿರುವ ಡಮಾಸ್ಕಸ್ ಚಾಕುವನ್ನು ಕೈಗೆತ್ತಿಕೊಂಡವರು ಬೆಲೆ ಕೇಳುವ ಮೊದಲೇ ಕೇಳುತ್ತಾರೆ: ‘ಇದರಲ್ಲಿ ಎಷ್ಟು ಪದರ ಇದೆ ಸಾರ್?’

ಪದರ ಹೆಚ್ಚಿಸುವುದು ದೊಡ್ಡ ವಿದ್ಯೆಯಲ್ಲ. ನಿಕ್ಕಲ್ ಬೆರೆತ ಉಕ್ಕಿನ ಪಟ್ಟಿಗಳನ್ನೂ ಬೆರೆಯದವನ್ನೂ ಒಂದು ಬಿಟ್ಟು ಒಂದು ಜೋಡಿಸಿ, ಬೆಸುಗೆ ಹಿಡಿಯಲು ಬಿಳಿಗಾರ (ಬೋರಾಕ್ಸ್) ಉದುರಿಸಿ, ಕುಲುಮೆಯಲ್ಲಿ ಕಾಯಿಸಿ ಬಡಿದು ಬೆಸೆಯುತ್ತೇವೆ. 16 ಪದರದ ತುಂಡನ್ನು ಐದು ಸಲ ಮಡಿಸಿದರೆ 512. ಮಡಿಸಿದಷ್ಟೂ ಗೆರೆ ಸಣ್ಣದಾಗುತ್ತದೆ. ಉಕ್ಕಿಗೆ ಗಡಸು ಕೊಡುವ ಇಂಗಾಲ ಕಾವಿಗೆ ಒಂದು ಪದರದಿಂದ ಇನ್ನೊಂದಕ್ಕೆ ಹರಿದು ಸಮನಾಗಿಬಿಡುತ್ತದೆ. ಹರಿತ ಹೆಚ್ಚುವುದಿಲ್ಲ.

ಅಡುಗೆಮನೆಯ 67 ಪದರದ ಚಾಕುಗಳನ್ನೇ ನೋಡಿ. ಆಚೆ 33, ಈಚೆ 33, ನಡುವೆ ಒಂದೇ ಒಂದು ಗಟ್ಟಿ ಉಕ್ಕಿನ ಹಾಳೆ. ಸಾಣೆ ಹಿಡಿದಾಗ ಬಾಯಿಗೆ, ಅಂದರೆ ಕೊಯ್ಯುವ ಅಂಚಿಗೆ, ಬರುವುದು ಆ ನಡುವಿನದು. ಈರುಳ್ಳಿ ಕೊಯ್ಯುವುದು ಅದು. ಮಿಕ್ಕ 66 ಅದರ ಹೊದಿಕೆ. ಕೇಳುವುದಾದರೆ ಬಾಯಿಯ ಉಕ್ಕು ಯಾವುದು, ಕಾಯಿಸಿ ತಣಿಸಿ ಹದ ಹೇಗೆ ಹಾಕಿದ್ದೀರಿ ಎಂದು ಕೇಳಿ. ಹದ ಹೆಚ್ಚು ಗಡುಸಾದರೆ ಬಾಯಿ ಉದುರುತ್ತದೆ, ಮೆತ್ತಗಾದರೆ ಮಡಚಿಕೊಳ್ಳುತ್ತದೆ. 67 ಇರಲಿ, 670 ಇರಲಿ.

ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಬಂದ. ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿದ್ದಕ್ಕೆ ಅವನ ಚಾಕುವಿನ ಅಲೆಗಳು ಅಲ್ಲಲ್ಲಿ ಮಾಯವಾಗಿದ್ದವು. ಹಿಡಿಯ ಹತ್ತಿರ ಎಮರಿ ಕಾಗದದಿಂದ ತಿಕ್ಕಿ, ಸರ್ಕ್ಯೂಟ್ ಬೋರ್ಡ್ ಕೆತ್ತಲು ಬಳಸುವ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿದೆ. ನಿಜವಾದ ಪದರವಾಗಿದ್ದರೆ ಒಂದು ಉಕ್ಕು ಕಪ್ಪಾಗಿ, ನಿಕ್ಕಲ್ ಇರುವುದು ಬೆಳ್ಳಗೆ ಉಳಿದು, ಅಲೆ ಮತ್ತೆ ಮೇಲೇಳಬೇಕು. ಎದ್ದದ್ದು ಬರೀ ಬೂದು ಬಣ್ಣ. ತುಕ್ಕು ಹಿಡಿಯದ ಉಕ್ಕಾದರೆ ಬಣ್ಣ ಬಿಡಲು ಹೊತ್ತು ಹಿಡಿಯುತ್ತದೆ ಎಂದು ಇನ್ನಷ್ಟು ಕಾದೆ. ಊಹೂಂ. ಬಹುಶಃ ಲೇಸರಿನಲ್ಲಿ ಬರೆದದ್ದು. ಅವನ ಮುಖ ನೋಡಿ ಪಾಪ ಅನ್ನಿಸಿತು, ಚಾಕುವೇನೋ ಚೆನ್ನಾಗಿಯೇ ಕೊಯ್ಯುತ್ತಿತ್ತು.

ಸಮಾಧಾನಕ್ಕೆಂದು ಹಳೆಯ ಕಥೆ ಹೇಳಿದೆ. ಲೋಕ ಹೊಗಳಿದ ಡಮಾಸ್ಕಸ್ ಕತ್ತಿಗಳಿಗೆ ದಕ್ಷಿಣ ಭಾರತದ, ಸಿಂಹಳದ ಉಕ್ಕು ಹೋಗುತ್ತಿತ್ತು. 1795ರಲ್ಲಿ ಲಂಡನ್ನಿನ ವಿಜ್ಞಾನ ಸಂಘ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯ ಆ ಉಕ್ಕನ್ನು ‘ವೂಟ್ಸ್’ ಎಂದು ಕರೆದ. ನಮ್ಮ ‘ಉಕ್ಕು’ ಕಿವಿತಪ್ಪಿ ಹಾಗಾಯಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಮೈಸೂರು ಸೀಮೆಯ ಕಮ್ಮಾರರು ಕಬ್ಬಿಣದ ಜೊತೆ ತಂಗಡಿ ಕಟ್ಟಿಗೆಯನ್ನು ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ ಕಾಸುತ್ತಿದ್ದರು. ಸುಮಾರು ಒಂದೂವರೆ ಶೇಕಡಾ ಇಂಗಾಲದ ಗಟ್ಟಿ ಸಿಗುತ್ತಿತ್ತು. ಅದನ್ನು ಮಂದ ಕಾವಿನಲ್ಲಿ ಮತ್ತೆ ಮತ್ತೆ ಬಡಿದಾಗ, ಅದಿರಿನಲ್ಲಿದ್ದ ಚೂರುಪಾರು ವೆನೇಡಿಯಮ್‌ನಂಥ ಲೋಹಗಳ ಜಾಡಿನಲ್ಲಿ ಕಬ್ಬಿಣ, ಇಂಗಾಲ ಕೂಡಿದ ಗಟ್ಟಿ ಕಣಗಳು ಸಾಲುಗಟ್ಟಿ ಅಲೆಯಾಗಿ ಕಾಣುತ್ತವೆ. ಮಡಿಕೆಯಿಲ್ಲ, ಬೆಸುಗೆಯಿಲ್ಲ. ಇಂದಿನ ಉಕ್ಕಿಗಿಂತ ಅದು ಮೇಲೆಂದು ಮಾತ್ರ ನಾನು ಹೇಳಲಾರೆ.

ಹುಡುಗ ಕಣ್ಣರಳಿಸಿ ಎಲ್ಲ ಕೇಳಿಸಿಕೊಂಡ.

‘ಆ ಕತ್ತಿಯಲ್ಲಿ ಎಷ್ಟು ಪದರ ಇರುತ್ತಿತ್ತು ಸಾರ್?’

ಚಾಕುವನ್ನು ಸಾಣೆ ಹಿಡಿದು, ದುಡ್ಡು ತೆಗೆದುಕೊಳ್ಳದೆ ಕಳಿಸಿದೆ.