ಹೊಟ್ಟೆಗೆ ಬಿಗಿದ ಬೆಲ್ಟು, ಅಡ್ಡಕ್ಕೆ ಸೀಳಿದ ಬೆನ್ನೆಲುಬು

ಅಪಘಾತವಾದ ಕಾರಿನಿಂದ ಇಳಿಸಿದ ಮಗುವಿನ ಹೊಕ್ಕುಳದ ಮಟ್ಟದಲ್ಲಿ ಬೆಲ್ಟಿನಗಲದ ಕೆಂಪು ಬರೆ ಮೂಡಿದ್ದರೆ ಬೆನ್ನೆಲುಬಿನ ಮೇಲೂ ಅನುಮಾನ ಬರಬೇಕು. ಕರುಳಿಗೆ ಪೆಟ್ಟಾಗಿದೆಯೇ ಎಂದು ನೋಡುವ ಗಡಿಬಿಡಿಯಲ್ಲಿ ಬೆನ್ನು ಮರೆತುಹೋಗುತ್ತದೆ. ಸಿಟಿ ಸ್ಕ್ಯಾನಿನ ಅಡ್ಡಡ್ಡ ಚಿತ್ರಗಳಲ್ಲಿ ಬೆನ್ನೆಲುಬಿನ ಸೀಳು ಸಿಕ್ಕದೆಯೂ ಹೋಗಬಹುದು, ಏಕೆಂದರೆ ಅದೂ ಅಡ್ಡಕ್ಕೇ ಓಡಿರುತ್ತದೆ. ಪಕ್ಕದಿಂದ ನೋಡಿದ ಚಿತ್ರ ಬೇಕೇ ಬೇಕು.

1948ರಲ್ಲಿ ಬ್ರಿಟನ್ನಿನ ಎಕ್ಸ್‌ರೇ ತಜ್ಞ ಜಾರ್ಜ್ ಕ್ವೆಂಟಿನ್ ಚಾನ್ಸ್ ಈ ಮುರಿತವನ್ನು ವಿವರಿಸಿದಾಗ ಸೀಟ್ ಬೆಲ್ಟಿನ ಮಾತೇ ಇರಲಿಲ್ಲ. ಸೊಂಟಕ್ಕಷ್ಟೇ ಕಟ್ಟುವ ಬೆಲ್ಟು ಅಮೆರಿಕದ ಕಾರುಗಳಿಗೆ ಬಂದ 1960ರ ದಶಕದಲ್ಲಿ ಬೆಲ್ಟಿಗೂ ಈ ಮುರಿತಕ್ಕೂ ಇರುವ ನಂಟು ಬಯಲಾಯಿತು. ದೊಡ್ಡವರಲ್ಲಿ ಬೆಲ್ಟು ಸೊಂಟದ ಮೂಳೆಯ ಚಾಚಿದ ಅಂಚಿಗೆ ಆತು ನಿಲ್ಲುತ್ತದೆ. ಮಕ್ಕಳಲ್ಲಿ ಆ ಅಂಚು ಬಲಿತಿರುವುದಿಲ್ಲ, ಮೈಗೆ ಹೋಲಿಸಿದರೆ ತಲೆಯ ಭಾರವೂ ಹೆಚ್ಚು. ಬೆಲ್ಟು ಹೊಟ್ಟೆಗೆ ಜಾರಿ, ಮೈ ಅದರ ಮೇಲೆ ಮಡಚಿಕೊಂಡು, ಬೆನ್ನೆಲುಬು ಹಿಂದಿನಿಂದ ಬಾಯಿ ಬಿಡುತ್ತದೆ. ಸುಮಾರು 145 ಸೆಂ.ಮೀ. ಎತ್ತರ ಬೆಳೆಯುವ ತನಕ ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟು ಬೇಕೆನ್ನುವುದು ಇದಕ್ಕೇ.

ಹಿಂದೆ ಬೆನ್ನನ್ನು ಹಿಂದಕ್ಕೆ ಬಾಗಿಸಿ ಪ್ಲಾಸ್ಟರ್ ಹಾಕುತ್ತಿದ್ದರು. ಸೀಳು ಬರೀ ಮೂಳೆಯಲ್ಲಿದ್ದು, ಬೆನ್ನು ಹೆಚ್ಚು ಬಾಗಿರದಿದ್ದರೆ ಇಂದಿಗೂ ಅದೇ ಒಳ್ಳೆಯ ದಾರಿ. ಮಕ್ಕಳ ಮೂಳೆ ಎರಡು ಮೂರು ತಿಂಗಳಲ್ಲಿ ಕೂಡಿಕೊಳ್ಳುತ್ತದೆ. ಮೂಳೆಗಳನ್ನು ಕಟ್ಟಿಹಿಡಿಯುವ ಲಿಗಮೆಂಟ್ ಹರಿದಿದ್ದರೆ ಮಾತು ಬೇರೆ. ಅದು ಮೊದಲಿನ ಬಿಗಿಗೆ ಮರಳುವುದಿಲ್ಲ, ಪ್ಲಾಸ್ಟರ್ ಬಿಚ್ಚಿದ ಮೇಲೆ ಬೆನ್ನು ಗೂನಾಗುತ್ತ ಹೋಗುತ್ತದೆ. ಎಂಆರ್‌ಐ ಬಂದ ಮೇಲೆಯೇ ಇವೆರಡನ್ನು ಮೊದಲೇ ಬೇರ್ಪಡಿಸಲು ಸಾಧ್ಯವಾದದ್ದು. ಬೆನ್ನುಹುರಿಯ ಒತ್ತಡ ಇಳಿಸಲು ಹಿಂಭಾಗದ ಮೂಳೆಯನ್ನಷ್ಟೇ ತೆಗೆದು ಬಿಡುವುದು ಇನ್ನೂ ಕೆಟ್ಟದ್ದು: ಬೆಳೆಯುವ ಬೆನ್ನಿಗೆ ಆಸರೆಯೇ ತಪ್ಪಿ ಗೂನು ಹೆಚ್ಚುತ್ತದೆ.

ಅಮೆರಿಕದ ಪಾಲ್ ಹ್ಯಾರಿಂಗ್ಟನ್ ಪೋಲಿಯೊದಿಂದ ಡೊಂಕಾದ ಬೆನ್ನಿಗೆಂದು ರೂಪಿಸಿದ ಉಕ್ಕಿನ ರಾಡ್ ಮುರಿತಗಳಿಗೂ ಬಳಕೆಗೆ ಬಂತು. ಆದರೆ ಆ ರಾಡ್ ಹಿಗ್ಗಿಸುವಂಥದ್ದು. ಆಗಲೇ ಹಿಂದಿನಿಂದ ತೆರೆದುಕೊಂಡ ಸೀಳಿಗೆ ಅದು ತದ್ವಿರುದ್ಧ. ಇಲ್ಲಿ ಬೇಕಾದದ್ದು ಅಮುಕಿ ಹಿಡಿಯುವ ಬಲ. ಜೊತೆಗೆ ಬೆನ್ನೆಲುಬಿನ ಹಲವು ಮಣಿಗಳನ್ನು ಒಟ್ಟಿಗೆ ಬೆಸೆದರೆ ಅಷ್ಟು ಭಾಗದ ಬೆಳವಣಿಗೆಯೂ ಬಾಗುವ ಗುಣವೂ ಹೋಗುತ್ತವೆ.

ಫ್ರಾನ್ಸಿನ ರೇಮಂಡ್ ರಾಯ್-ಕಮಿಲ್ 1963ರಲ್ಲಿ ಬಳಸತೊಡಗಿದ ಪೆಡಿಕಲ್ ಸ್ಕ್ರೂನಿಂದ, ಅಂದರೆ ಮಣಿಯ ಹಿಂಭಾಗವನ್ನು ಮುಂಭಾಗಕ್ಕೆ ಜೋಡಿಸುವ ಪೆಡಿಕಲ್ ಎಂಬ ಮೂಳೆಯೊಳಗೆ ಇಳಿಸುವ ಸ್ಕ್ರೂನಿಂದ, ಮುಂದೆ ಈ ಕಷ್ಟ ನೀಗಿತು. ಈಗ ಮಗುವನ್ನು ಬೋರಲು ಮಲಗಿಸಿ, ಎದೆ ಮತ್ತು ಸೊಂಟಕ್ಕೆ ದಿಂಬು ಕೊಟ್ಟು ಹೊಟ್ಟೆಯನ್ನು ತೂಗುಬಿಟ್ಟರೆ ಸೀಳು ಅರ್ಧ ತಾನೇ ಮುಚ್ಚುತ್ತದೆ. ಮುರಿದ ಮಣಿಯ ಮೇಲಿನದಕ್ಕೆರಡು, ಕೆಳಗಿನದಕ್ಕೆರಡು ಸ್ಕ್ರೂ, ಎರಡು ರಾಡ್. ಸ್ಕ್ರೂಗಳನ್ನು ಒಂದರತ್ತ ಒಂದು ಅಮುಕಿ ಬಿಗಿಯುತ್ತಾರೆ. ಅಮುಕುವ ಮೊದಲು ಎಂಆರ್‌ಐ ಮತ್ತೊಮ್ಮೆ ನೋಡಲೇಬೇಕು: ಮಣಿಗಳ ನಡುವಿನ ಮೆತ್ತೆಯಾದ ಡಿಸ್ಕ್ ಒಡೆದು ಅದರ ಚೂರು ಹಿಂದಕ್ಕೆ ಸರಿದಿದ್ದರೆ ಅದೇ ಬಲ ಅದನ್ನು ನರಗಳ ಮೇಲೆ ತಳ್ಳುತ್ತದೆ. ತೀರ ಎಳೆಯ ಮಕ್ಕಳ ಪೆಡಿಕಲ್‌ನಲ್ಲಿ ಸ್ಕ್ರೂ ಹಿಡಿಸದಿದ್ದರೆ ಹುಕ್ಕು ಅಥವಾ ತಂತಿಯೇ ಗತಿ, ಮೇಲೆ ಪ್ಲಾಸ್ಟರ್.

ಮಣಿಗಳನ್ನು ಬೆಸೆಯದೆ ಮೂಳೆಯಷ್ಟೇ ಕೂಡಿಕೊಂಡಿದ್ದರೆ, ಸಾಮಾನ್ಯವಾಗಿ ವರ್ಷದೊಳಗೆ ಸ್ಕ್ರೂ, ರಾಡ್ ಎಲ್ಲ ತೆಗೆದು ಆ ಕೀಲುಗಳನ್ನು ಮತ್ತೆ ಆಡಲು ಬಿಡುತ್ತಾರೆ.